ವಾಡೆಗೆ ಹೋದ ತಂತಿ

"ಏ ಹೊಳ್ಯಾ, ಸೂಳಿಮಗನ, ಗೂಟ ನೆಟ್ಟಗ ಹೊಡಿಯಾಕ ಬರೂದಿಲ್ಲೇನಲೇ?"

ಓವರ್ಸಿಯರ ಮುರಿಗೆಪ್ಪ ರಸ್ತೆಯ ಮೇಲೆ ನಿಂತೇ ಕೂಗುತ್ತಿದ್ದ. ಹೊಲಗೇರಿಯ ಸುಡುಗಾಡಿನೊಳಗೆ ಅವನು ಕಾಲಿಡುವ ಹಾಗಿರಲಿಲ್ಲ. ಇಟ್ಟರೆ ಉಟ್ಟ ಬಟ್ಟೆ ಸಮೇತ ಮೈತೊಳೆದುಕೊಳ್ಳಬೇಕು. ಆದ್ದರಿಂದ ಗೂಟಗಳನ್ನು ಒಂದೊಂದಾಗಿ ಒಳಗೆಸೆದು ಬೆತ್ತದಿಂದ ದಿಕ್ಕು ತೋರಿಸುತ್ತಿದ್ದ. ಜೋಳದ ಸುಗ್ಗಿ ಮುಗಿದು ಎರೆ ನೆಲ ಬಾಯಿ ಬಿಟ್ಟಿತ್ತು. ಹೊಳೆಪ್ಪ ಗುದ್ದಲಿಯ ಹಿಂಬದಿಯಿಂದ ಗೂಟ ಬಡಿಯುತ್ತಿದ್ದ. ಹೆಂಡತಿ ತಾಯವ್ವ ಅವನ ಹಿಂದೆಯೇ ಸುಣ್ಣದ ಗೆರೆ ಎಳೆಯುತ್ತ ಬರುತ್ತಿದ್ದಳು.

ಗೋಕಾಕದ ಹಾದಿಯಲ್ಲಿ ಹಳ್ಳದ ಮೇಲಿನ ಸೇತುವೆ ಒಂದೇ ಗಾಡಿ ಹಿಡಿಯುವಷ್ಟು ಅಗಲ. ಅದರ ಎರಡೂ ತುದಿಗೆ ಈಗ ದೀಪದ ಕಂಬ ಬಂದಿದ್ದವು. ಹಸಿರು ಹತ್ತಿದ ಕಡೆಯವರು ದಾಟಬೇಕು, ಕೆಂಪಿನ ಕಡೆಯವರು ನಿಲ್ಲಬೇಕು. ಮೊದಲು ಬಂದವರನ್ನು ನೋಡಿ ಆಚೆ ದಂಡೆಯ ಕಾವಲುಗಾರ ಹಿಡಿಕೆ ತಿರುವುತ್ತಾನೆ. ಈ ಸುದ್ದಿ ಕೇಳಿದ ದಿನವೇ ಅಣ್ಣಾಸಾಹೇಬ ಗೌಡರು ಓವರ್ಸಿಯರನನ್ನು ತಮ್ಮ ವಾಡೆಗೆ ಊಟಕ್ಕೆ ಕರೆಸಿದ್ದರು.

"ಹೊಲ್ಯಾರ ಗಾಡಿಗೆ ಹಸರು, ನನಗ ಕೆಂಪ ಏನ್ರಿ? ನನ್ನ ಬಾಗಲದಾಗೂ ಒಂದ ಹಿಡಿಕಿ ಕುಂಡರಸ್ರಿ. ನಾ ಹೊಂಟಾಗ ತಿರುವತೀನಿ, ನನ್ನ ಕಡೆ ಹಸರ ಬೀಳಬೇಕು."

ಹಾಗಾಗಿ ಸೇತುವೆಯಿಂದ ವಾಡೆಗೆ ಇನ್ನೊಂದು ತಂತಿ. ಬ್ಯಾಟರಿ ಪೆಟ್ಟಿಗೆಯ ಕರೆಂಟು ಸಣ್ಣದು. ತಂತಿ ಉದ್ದವಾದಷ್ಟೂ ಸೊರಗುತ್ತದೆ. ಸುತ್ತು ಹಾಕುವಂತಿರಲಿಲ್ಲ. ನೇರ ಹೋಗಬೇಕೆಂದರೆ ಗೌಡರ ಕಬ್ಬು, ಇಲ್ಲವೇ ಈ ಸುಡುಗಾಡು.

ಮುಂದಿನ ಗೂಟ ಬಂದು ಚನ್ನವ್ವನ ದಿಬ್ಬದ ಮೇಲೆ ಬಿತ್ತು.

"ಯಪ್ಪಾ, ಇದು ನನ್ನ ಮಗಳ ಮಣ್ಣರಿ. ಚೂರ ಬಾಜೂ ಸರಸ್ರಿ." ಹೊಳೆಪ್ಪ ಗುದ್ದಲಿ ಇಳಿಸಿದ.

"ಸತ್ತಾಕಿ ಎದ್ದ ಬಂದು ತಕರಾರು ಮಾಡತಾಳೇನಲೇ? ತಂತಿ ಅಳದು ತಂದೀನಿ. ಅಗಿ!"

ತಾಯವ್ವನ ಕೈಯ ಸುಣ್ಣ ಅಲ್ಲೇ ನಿಂತಿತು.

ಹೋದ ಮಳೆಗಾಲದಲ್ಲಿ ಚನ್ನವ್ವನಿಗೆ ಹೆರಿಗೆಬೇನೆ ಹತ್ತಿದಾಗ ಹೊಳೆಪ್ಪ ಗೋಕಾಕದ ದವಾಖಾನೆಗೆಂದು ಗಾಡಿ ಹೂಡಿದ್ದ. ಸೇತುವೆಯ ನಡುವಿಗೆ ಬಂದಾಗ ಎದುರಿಗೆ ಗೌಡರ ಗಾಡಿ. ಹೊಲಗೇರಿಯ ಗಾಡಿ ಎಷ್ಟೇ ಮುಂದೆ ಬಂದಿರಲಿ, ಗೌಡರದು ಕಂಡರೆ ಹಿಂದಕ್ಕೆ ಸರಿಯುವುದು ಊರ ರೂಢಿ. ಎತ್ತುಗಳನ್ನು ಹಿಂದಕ್ಕೆ ದಬ್ಬುವಾಗ ಗಾಲಿ ಪಕ್ಕದ ಕಟ್ಟೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಹಳ್ಳ ದಾಟುವ ಹೊತ್ತಿಗೆ ಗಾಡಿಯೊಳಗಿನ ನರಳಾಟ ನಿಂತಿತ್ತು.

ಹೊಳೆಪ್ಪ ಗೂಟದ ಸಾಲಿಗೆ ಆಚೆ ಈಚೆ ತಗ್ಗು ಅಗೆದ. ದಿಬ್ಬ ಮಾತ್ರ ಹಾಗೇ ಉಳಿಯಿತು.

"ಅದನ್ಯಾಕ ಬಿಟ್ಟೀಲೇ?"

"ದೀಪ ಹತ್ತತೈತೇನ ಮೊದಲ ನೋಡ್ರಿ. ಆಮ್ಯಾಲ ಅಗದು ಹೂಳತೀನಿ."

ತಂತಿ ಹಾಸಿ, ದೀಪ ಹತ್ತಿಸಿ ನೋಡಿ, ಆಮೇಲೆ ಮಣ್ಣು ಮುಚ್ಚುವುದು ಆ ಕೆಲಸದ ರೀತಿ. ತಂತಿ ದಿಬ್ಬದ ಬೆನ್ನ ಮೇಲೆ ಹಾವಿನಂತೆ ಬಿದ್ದಿತ್ತು. ವಾಡೆಯಲ್ಲಿ ಗೌಡರೇ ಹಿಡಿಕೆ ತಿರುವಿದರು. ಊರ ಕಡೆಯ ಕಂಬದಲ್ಲಿ ಹಸಿರು ಹತ್ತಿತು. ಮುರಿಗೆಪ್ಪ ಹಲ್ಲು ಕಿರಿದ. "ಮುಚ್ಚಿಬಿಡ್ರಲೇ ಇನ್ನ!" ಎಂದು ಹೇಳಿ ಚಹಾಕ್ಕೆ ಹೋದ.

ಹೊತ್ತು ಮುಳುಗುವಾಗ ತಾಯವ್ವ ಒಂದು ಕಲ್ಲು ತಂದು ತಂತಿಯ ಅಡಿಗಿಟ್ಟಳು.

"ಏನ ನೋಡಾಕತ್ತಿ? ಹೊಡಿ."

"ಗೊತ್ತಾದ್ರ ಚರ್ಮಾ ಸುಲೀತಾರ."

"ಗೊತ್ತ ಮಾಡಕೊಳ್ಳಾಕ ಇಲ್ಲಿಗೆ ಬರಬೇಕಲ್ಲ. ಯಾವ ಭಾಡ್ಯಾ ಬರತಾನ?"

ಗುದ್ದಲಿ ಒಮ್ಮೆ ಬಿತ್ತು. ಕಡಿದ ಎರಡು ತುದಿಗಳನ್ನೂ ಆಚೆ ಈಚೆಯ ತಗ್ಗುಗಳಲ್ಲಿ ಮುಚ್ಚಿ, ಉಳಿದ ಹಸಿಮಣ್ಣನ್ನು ಮಗಳ ಮೇಲೆ ತೆಳ್ಳಗೆ ಹರವಿದರು. ಮರುದಿನ ರಸ್ತೆಯಲ್ಲಿ ನಿಂತು ನೋಡಿದ ಮುರಿಗೆಪ್ಪನಿಗೆ ಈ ತುದಿಯಿಂದ ಆ ತುದಿಯವರೆಗೆ ಹೊಸ ಮಣ್ಣು ಕಂಡಿತು. "ಒಮ್ಮೆರ ಹೇಳಿದ್ದ ಕೇಳಿದಿ ನೋಡ ಮಗನ" ಎಂದವನೇ ಹುಕ್ಕೇರಿಯ ಕೆಲಸಕ್ಕೆ ಹೊರಟುಹೋದ.

ಸಂತೆಯ ದಿನ ಗೋಕಾಕದಿಂದ ತಿರುಗಿ ಬರುವಾಗ ಕಾವಲುಗಾರ ಹೊಳೆಪ್ಪನ ಗಾಡಿಗೆ ಹಸಿರು ತಿರುವಿದ. ಗಾಡಿ ಸೇತುವೆಯ ನಡುವಿಗೆ ಬಂದಿತ್ತು. ಎದುರಿನಿಂದ ಗೌಡರ ಗಾಡಿ ನುಗ್ಗಿತು. ಬಾಗಿಲಲ್ಲಿ ಹಿಡಿಕೆ ತಿರುವಿ ಬಂದವರು ಕಂಬದತ್ತ ಕಣ್ಣೆತ್ತಿರಲಿಲ್ಲ. ಎತ್ತುಗಳ ಮೂತಿ ಮೂತಿ ತಾಗಿದವು.

"ಹಿಂದಕ್ಕ ಹಾಕಲೇ, ಬೋಳಿಮಗನ!"

"ನನಗ ಹಸರ ಬಿದ್ದೈತ್ರಿ ಗೌಡ್ರ."

"ನಾ ತಿರುವಿ ಬಂದೀನಿ! ಹಸರ ನಂದು!"

"ಹಿಂದ ಹೊಳ್ಳಿ ನೋಡ್ರಿ."

ಗೌಡರು ಹೊರಳಿದರು. ಕಂಬದ ದುಂಡು ಗಾಜಿನಲ್ಲಿ ಕೆಂಪು ಉರಿಯುತ್ತಿತ್ತು. ಗಾಡಿ ಹೊಡೆಯುವ ಆಳಿನ ಕೈಯಿಂದ ಬಾರುಕೋಲು ಕಸಿದುಕೊಂಡು ಇಳಿದರು.

ಮೊದಲ ಏಟು ಹೊಳೆಪ್ಪನ ಹೆಗಲಿಗೆ ಬಿತ್ತು. ಅವನು ಹಗ್ಗ ಬಿಗಿಹಿಡಿದು ಕುಳಿತೇ ಇದ್ದ. ಎರಡನೆಯದು ಎತ್ತಿನ ಮುಖಕ್ಕೆ ಬಿತ್ತು. ಬೆದರಿದ ಎತ್ತು ಹಿಂದೆ ಸರಿಯಿತು, ಗಾಲಿ ಹಿಂದಕ್ಕೆ ಉರುಳಿತು.

ತಾಯವ್ವ ಗಾಡಿಯ ಹಿಂದಿನಿಂದ ಧುಮುಕಿದಳು. ಚೀಲಗಳ ಸಂದಿಯಿಂದ ಕಲ್ಲೊಂದನ್ನು ಎಳೆದು ಗಾಲಿಯ ಹಿಂದಕ್ಕಿಟ್ಟಳು. ಅದರ ಮೇಲೆ ಗುದ್ದಲಿಯ ಏಟು ಇನ್ನೂ ಬೆಳ್ಳಗೆ ಕಾಣುತ್ತಿತ್ತು.

ಗಾಲಿ ಬಂದು ಅದಕ್ಕೆ ತಾಗಿ ನಿಂತಿತು.