ಪುಟ್ಟಿಯ ಕಿಟಕಿ ತೆರೆದಿದೆ

‘ಟಿಣ್’ ಎಂದಿತು. ಚಮಚ ಲೋಟದ ಅಂಚಿಗೆ ತಾಗಿದಷ್ಟೇ ಸದ್ದು. ಎಲ್ಲರೂ ಮಲಗಿ ಬಹಳ ಹೊತ್ತಾಗಿತ್ತು. ಹಜಾರದ ಗೋಡೆಯಲ್ಲಿರುವ ಅಲಾರಂ ಪೆಟ್ಟಿಗೆ ಹೀಗೆ ಒಮ್ಮೆ ಗಂಟಲು ಸರಿಮಾಡಿಕೊಂಡು ಆಮೇಲೆ ಮಾತಾಡುತ್ತದೆ. ನಾನು ಕಿವಿಗೊಟ್ಟು ಕಾದೆ.

“ಪುಟ್ಟಿಯ ಕಿಟಕಿ,” ಎಂದಿತು ಹೆಂಗಸಿನ ದನಿ. “ತೆರೆದಿದೆ.”

ನಮ್ಮ ಮನೆಯಲ್ಲಿ ಪುಟ್ಟಿ ಎನ್ನುವವರು ಯಾರೂ ಇಲ್ಲ. ಐದು ವರ್ಷದ ಮಗಳನ್ನು ನಾವು ಕರೆಯುವುದು ಚಿನಕುರಳಿ ಎಂದು. ಬಾಯಿ ಸದಾ ಪಟಪಟ ಸಿಡಿಯುತ್ತಿರುತ್ತದೆ. ಪುಟ್ಟಿ ಹಿಂದೆ ಇಲ್ಲಿದ್ದವರ ಮಗಳಿರಬೇಕು. ಅಲಾರಂ ಪೆಟ್ಟಿಗೆಯೂ ಬಾಗಿಲು ಕಿಟಕಿಗಳಿಗೆ ಅಂಟಿಸಿದ ಸೆನ್ಸರುಗಳೂ ಮನೆಯ ಜೊತೆಗೇ ನಮಗೆ ಬಂದವು. ಯಾವುದಕ್ಕೆ ಏನು ಹೆಸರು ಎಂದು ಮನೆಯವರೇ ತಮ್ಮ ದನಿಯಲ್ಲಿ ಪೆಟ್ಟಿಗೆಗೆ ಹೇಳಿಕೊಡಬೇಕು; ಅದು ಅದೇ ದನಿಯಲ್ಲಿ ತಿರುಗಿ ಹೇಳುತ್ತದೆ. ಹಿಂದಿನ ಮನೆಯಾಕೆ ಹೇಳಿಕೊಟ್ಟಿದ್ದಳು: ಮುಂಬಾಗಿಲು, ಅಡುಗೆಮನೆ ಬಾಗಿಲು, ಬಚ್ಚಲ ಕಿಟಕಿ. ಬೇಕಿದ್ದರೆ ಅದನ್ನೆಲ್ಲ ಅಳಿಸಿ ನನ್ನ ದನಿ ಹಾಕಬಹುದಿತ್ತು. ಹಾಕಲಿಲ್ಲ. ಚಿಲಕಗಳ ವಿಷಯದಲ್ಲಿ ನನ್ನಷ್ಟೇ ಜಾಗ್ರತೆಯ ಇನ್ನೊಬ್ಬ ಹೆಂಗಸು ಮನೆಯಲ್ಲಿದ್ದಾಳೆ ಅನ್ನಿಸಿ ಒಂಥರಾ ಧೈರ್ಯವಾಗುತ್ತಿತ್ತು.

ಅವಳು ಎಂಟು ಹೆಸರು ಹೇಳುತ್ತಿದ್ದಳು. ಮನೆಯಲ್ಲಿ ಸೆನ್ಸರು ಇರುವುದೂ ಎಂಟಕ್ಕೇ. ಒಂಬತ್ತನೆಯ ಹೆಸರು ಶುರುವಾದದ್ದು ಚಿನಕುರಳಿಯನ್ನು ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿಸಲು ತೊಡಗಿದ ಮೇಲೆ. ಉಳಿದದ್ದನ್ನೆಲ್ಲ ಗಟ್ಟಿಯಾಗಿ ಹೇಳುವವಳು ಇದೊಂದನ್ನು ಮೆಲ್ಲಗೆ ಹೇಳುತ್ತಿದ್ದಳು, ಪಕ್ಕದಲ್ಲಿ ಯಾರೋ ಆಗತಾನೇ ನಿದ್ದೆಹೋಗಿರುವಂತೆ.

ಎದ್ದು ಹೋಗಿ ಎಂಟನ್ನೂ ಮುಟ್ಟಿ ನೋಡಿ ಬಂದೆ. ಎಲ್ಲವೂ ಮುಚ್ಚಿದ್ದವು.

ಬೆಳಿಗ್ಗೆ ಗಂಡ ಬೂಟಿನ ದಾರ ಕಟ್ಟಿಕೊಳ್ಳುತ್ತ, “ರಾತ್ರಿ ಮತ್ತೆ ಗಸ್ತು ಹೊಡೆದ್ಯಾ?” ಎಂದರು.

“ಅದು ಕೂಗಿತಲ್ಲ.”

“ನನಗೇನೂ ಕೇಳಿಸ್ಲಿಲ್ಲಪ್ಪ.”

“ನಿಮ್ಮ ಕಿವಿ ಹತ್ರ ತಗಡು ಬಡಿದ್ರೂ ಕೇಳಿಸಲ್ಲ.”

ನಕ್ಕರು. ನಗು ಬೇಗ ನಿಂತಿತು. “ಇವತ್ತು ರಿಪೇರಿಯವನು ಬರ್ತಾನಲ್ಲ, ಅವನ ಕೈಲಿ ಸರಿ ಮಾಡಿಸು. ರಾತ್ರಿ ಅಲಾರಂ ಹಾಕೇ ಮಲಗೋಣ. ಮತ್ತೆ ಸೈರನ್ ಹೊಡ್ಕೊಂಡ್ರೆ, ಅಮ್ಮ ಹೇಳಿದ ಹಾಗೆ ಮಗೂನ ಅಲ್ಲಿಗೆ ಕಳಿಸ್ಬಿಡೋಣ. ನೀನು ಸ್ವಲ್ಪ ಸರಿಹೋಗೋ ತನಕ.”

“ನನಗೇನಾಗಿದೆ?”

ಅವರು ಇನ್ನೊಂದು ಬೂಟಿನ ದಾರ ಹುಡುಕಿದರು.

ಹಳೆಯ ಮನೆಯಲ್ಲಿ ನಾನೂ ಮಗುವೂ ಮಲಗಿದ್ದಾಗ ಬಚ್ಚಲ ಕಿಟಕಿಯಿಂದ ಒಬ್ಬ ಒಳಗೆ ಬಂದಿದ್ದ. ಏನೂ ಒಯ್ಯಲಿಲ್ಲ. ನಮ್ಮ ಮಂಚದ ಪಕ್ಕ ಒದ್ದೆ ಹೆಜ್ಜೆ ಮಾತ್ರ ಉಳಿದಿತ್ತು. ಅಂದಿನಿಂದ ಚಿಲಕ ಮುಟ್ಟದೆ ನನಗೆ ರೆಪ್ಪೆ ಕೂಡುವುದಿಲ್ಲ. ಮಾತ್ರೆ ನುಂಗಿದೆ, ಬಿಟ್ಟೆ. ಕಳೆದ ವಾರ ಎರಡು ಸಲ ಸೈರನ್ ಕಾರಣವಿಲ್ಲದೆ ಬಡಿದುಕೊಂಡು ಬೀದಿಗೆ ಬೀದಿಯೇ ದೀಪ ಹಾಕಿತು. ಮಗು ನಡುಗುತ್ತ ನನ್ನ ಕತ್ತಿಗೆ ಜೋತುಬಿತ್ತು. ಆಮೇಲೆ ರಾತ್ರಿ ಅಲಾರಂ ಹಾಕುವುದನ್ನು ಬಿಟ್ಟಿದ್ದೆವು; ಸೈರನ್ ಇಲ್ಲ, ಪೆಟ್ಟಿಗೆಯ ಮಾತು ಮಾತ್ರ. ಅತ್ತೆ ಫೋನಿನಲ್ಲಿ, “ನನ್ನ ಹತ್ರ ಬಿಡಮ್ಮ ಅದನ್ನ. ಇಲ್ಲಿ ಬಾಗಿಲು ಹಾರುಹೊಡೆದಿದ್ರೂ ಎಲ್ಲರೂ ಗೊರಕೆ ಹೊಡೀತೀವಿ,” ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ. ಒಮ್ಮೆ ಕಳಿಸಿದರೆ ನಾನು ಸರಿಹೋದೆ ಎಂದು ತೀರ್ಮಾನಿಸುವವರು ಯಾರು?

ರಿಪೇರಿಯವನಿಗೆ ಮಗಳು ಇಟ್ಟ ಹೆಸರು ಬೀಪ್ ಮಾಮ. ಈ ಬೀದಿಯ ಅಲಾರಂಗಳನ್ನೆಲ್ಲ ಅವನೇ ನೋಡುವುದು. ಬಂದವನೇ ಮುಂಬಾಗಿಲ ಹತ್ತಿರ ನಿಂತು ಪಾಠ ಶುರುಮಾಡಿದ. “ಚೌಕಟ್ಟಿನ ಮೇಲಿರೋದು ಸೆನ್ಸರು, ಕದದ ಮೇಲಿರೋದು ಅಯಸ್ಕಾಂತ. ಗಂಡ ಹೆಂಡತಿ ಇದ್ದ ಹಾಗೆ ಮೇಡಂ. ಪಕ್ಕ ಪಕ್ಕ ಇದ್ರೆ ಸುಮ್ನಿರ್ತವೆ. ಬೆರಳಗಲ ದೂರ ಆದ್ರೆ ಸಾಕು, ಊರಿಗೆಲ್ಲ ಕೇಳೋ ಹಾಗೆ ಕೂಗಾಟ.”

“ನಮ್ಮನೇಲಿ ಹತ್ರ ಇದ್ರೇನೇ ಕೂಗಾಟ,” ಎಂದೆ. ಅವನು ಹಲ್ಲುಬಿಟ್ಟ.

ಎಂಟನ್ನೂ ತೆರೆದು ಮುಚ್ಚಿ ನೋಡಿದ. ಸಡಿಲವಿದ್ದ ತಿರುಪುಗಳನ್ನು ಬಿಗಿ ಮಾಡಿದ, ಅಡುಗೆಮನೆ ಬಾಗಿಲಿನ ಅಯಸ್ಕಾಂತವನ್ನು ಕೂದಲೆಳೆಯಷ್ಟು ಸರಿಸಿದ. ಆಮೇಲೆ ಪೆಟ್ಟಿಗೆಯ ಗುಂಡಿಗಳನ್ನು ಒತ್ತುತ್ತ ಹುಬ್ಬು ಗಂಟಿಕ್ಕಿದ.

“ಒಂಬತ್ತನೇದು ಅಂತ ಒಂದು ಇರೋದು ಹೌದು. ಸಿಗ್ನಲ್ ಪೂರ್ತಿ ಬರ್ತಿದೆ. ಪಕ್ಕದ ಮನೇದಲ್ಲ, ಇಲ್ಲೇ ಒಳಗೆ ಎಲ್ಲೋ ಇದೆ.”

“ತೆರೆದಿದೆ ಅಂತ ಮಾತ್ರ ಹೇಳುತ್ತೆ. ಮುಚ್ಚಿದೆ ಅಂತ ಒಂದು ಸಲಾನೂ ಹೇಳಿಲ್ಲ. ಮುಚ್ಚದೇ ಇರೋ ಕಿಟಕಿ ಮತ್ತೆ ಮತ್ತೆ ಹೇಗೆ ತೆರೆಯುತ್ತೆ?”

ಅವನು ನನ್ನನ್ನೊಮ್ಮೆ ನೋಡಿದ. “ಬ್ಯಾಟರಿ ಸಾಯ್ತಾ ಇದ್ರೆ ಹಾಗೆ ಮೇಡಂ. ಪೂರ್ತಿ ಸಾಯಲ್ಲ, ಎದ್ದು ಎದ್ದು ಬೀಳುತ್ತೆ. ಎದ್ದಾಗಲೆಲ್ಲ ಹೊಸದಾಗಿ ವರದಿ ಒಪ್ಪಿಸುತ್ತೆ.”

ಎಷ್ಟು ಸರಳ. ನನ್ನ ಭುಜಗಳು ಸಡಿಲವಾದವು.

“ಮುಂಚೆ ಇದ್ದ ಮೇಡಮ್ಮೂ ಹಿಂಗೇ ಕೇಳೋರು,” ಎಂದ ಅವನು ತಿರುಪುಗಳನ್ನು ಡಬ್ಬಿಗೆ ಹಾಕುತ್ತ. “ವಾರ ವಾರ ಕರೆಸೋರು. ಸೆನ್ಸರು ಸರಿಯಾಗಿದೆ ಅಂದ್ರೆ ನಂಬ್ತಿರ್ಲಿಲ್ಲ. ರಾತ್ರಿ ಮುಚ್ಚಿದ್ದು ಬೆಳಿಗ್ಗೆ ತೆರೆದಿರುತ್ತೆ ಅನ್ನೋರು.”

“ಅವರ ಮಗಳು?”

“ನಾನು ನೋಡೇ ಇಲ್ಲ. ಯಾವಾಗ ಬಂದ್ರೂ ‘ಮಲಗಿದ್ದಾಳೆ, ಮೆತ್ತಗೆ ಮಾತಾಡಿ’ ಅನ್ನೋರು. ಆ ಕೋಣೆಯೊಳಗೆ ನನ್ನ ಬಿಡ್ತಾನೇ ಇರ್ಲಿಲ್ಲ. ನಾನೂ ಕಳ್ಳನ ಥರ ತುದಿಗಾಲಲ್ಲಿ ಓಡಾಡ್ತಿದ್ದೆ. ಆಮೇಲೆ ಒಂದಿನ ಮನೆ ಖಾಲಿ.” ಪೆಟ್ಟಿಗೆಯತ್ತ ಬೆರಳು ಮಾಡಿದ. “ಅಳಿಸಿಬಿಡ್ಲಾ ಒಂಬತ್ತನ್ನ? ಎರಡು ಗುಂಡಿ ಒತ್ತಿದ್ರೆ ಆಯ್ತು.”

ಹೂಂ ಅನ್ನಬೇಕಿತ್ತು. ಬೇರೆ ಯಾರಾದರೂ ಅನ್ನುತ್ತಿದ್ದರು, ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು. “ಬೇಡ,” ಎಂದೆ. “ಅಳಿಸಿದ್ರೆ ಅದು ಹೇಳೋದು ನಿಲ್ಲುತ್ತೆ ಅಷ್ಟೇ. ಕಿಟಕಿ ತೆರೆದಿದ್ರೆ ತೆರೆದೇ ಇರುತ್ತಲ್ಲ.”

“ಇಲ್ಲದ ಕಿಟಕಿ ಹೇಗ್ ಮೇಡಂ ತೆರೆದಿರುತ್ತೆ?”

“ಸಂಜೆ ತನಕ ಬಿಡಿ. ಹುಡುಕ್ತೀನಿ.”

“ನಿಮ್ಮಿಷ್ಟ. ಸಿಗಲಿಲ್ಲ ಅಂದ್ರೆ ಇವತ್ತೂ ಸೈರನ್ ಹೊಡ್ಕೊಳ್ಳುತ್ತೆ, ನನ್ನ ಬೈಬೇಡಿ.” ಬಿಲ್ಲೆಯಂಥ ಒಂದು ಹೊಸ ಬ್ಯಾಟರಿ ನನ್ನ ಕೈಗಿಟ್ಟು ಹೋದ. “ಸಿಕ್ಕಿದ್ರೆ ಇದನ್ನ ಹಾಕಿ.”

ಮಂಚದ ಕೆಳಗೆ, ಅಟ್ಟದಲ್ಲಿ, ಪರದೆಗಳ ಹಿಂದೆ ಹುಡುಕಿದೆ. ಸಿಗಲಿಲ್ಲ. ಮಧ್ಯಾಹ್ನ ಬಟ್ಟೆ ಒಣಗಿಸಲು ಮನೆಯ ಪಕ್ಕದ ಓಣಿಗೆ ಹೋದೆ. ಮಗಳ ಪುಟಾಣಿ ಕಾಲುಚೀಲಕ್ಕೆ ಕ್ಲಿಪ್ಪು ಸಿಕ್ಕಿಸಿ ತಲೆಯೆತ್ತಿದಾಗ ಸಜ್ಜೆ ಕಂಡಿತು. ಮಳೆ ಎರಚದಿರಲೆಂದು ಕಿಟಕಿಗಳ ಮೇಲೆ ಚಾಚಿರುತ್ತದಲ್ಲ, ಅಂಥ ಸಿಮೆಂಟಿನ ಸಜ್ಜೆ. ಅದರ ಕೆಳಗೆ ಕಿಟಕಿ ಇರಲಿಲ್ಲ, ಬರಿಯ ಗೋಡೆ. ಇಷ್ಟು ತಿಂಗಳು ಅದರ ಕೆಳಗೇ ನಿಂತು ಬಟ್ಟೆ ಹಿಂಡಿದ್ದೆ. ಚಿಲಕ ಮುಟ್ಟಿ ಮುಟ್ಟಿ ಬೆರಳು ಸವೆಸಿಕೊಂಡ ನಾನು ತಲೆಯೆತ್ತಿ ನೋಡಿರಲಿಲ್ಲ.

ಆ ಗೋಡೆಯ ಒಳಮಗ್ಗುಲು ಮಗಳ ಕೋಣೆ. ಅಲ್ಲಿರುವುದು ಗೋಡೆಗೇ ಕೂರಿಸಿದ ಬೀರು. ಅವಳ ಫ್ರಾಕುಗಳನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿ ಬೀರುವಿನ ಹಿಂದಿನ ಹಲಗೆಯನ್ನು ಬೆರಳಿನಿಂದ ತಟ್ಟಿದೆ. ಟೊಳ್ಳು. ಹಲಗೆಯ ತಿರುಪುಗಳು ತುಕ್ಕು ಹಿಡಿದಿದ್ದವು. ಒಂದೊಂದನ್ನೂ ಎಣ್ಣೆ ಬಿಟ್ಟು ಕೀಳುವಷ್ಟರಲ್ಲಿ ಅಂಗೈ ಸುಲಿದಿತ್ತು.

ಹಲಗೆ ಸರಿಸಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹೊರಗಿನಿಂದ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ ಕಿಟಕಿಯಿಂದ ಗಾಳಿ ಬರುವ ಹಾಗಿಲ್ಲ. ಆದರೂ ಬಂತು.

ಕಿಟಕಿ ಇತ್ತು. ನೀಲಿ ಬಣ್ಣದ ಮರದ ಕದಗಳು. ಮೊದಲಿಗೆ ಇದ್ದದ್ದು ಒಂದೇ ಚಿಲಕವಿರಬೇಕು. ಆಮೇಲೆ ಒಂದು, ಅದರ ಮೇಲೆ ಇನ್ನೊಂದು, ಹೊಂದದ ತಿರುಪುಗಳಲ್ಲಿ ಜಡಿದಿದ್ದರು. ಅವಸರದಲ್ಲಿ ಜಡಿದ ಕೈ ಯಾರದೆಂದು ನನಗೆ ಗೊತ್ತಾಯಿತು. ನಾನೂ ಹಳೆಯ ಮನೆಯ ಬಚ್ಚಲಿಗೆ ಹಾಗೆಯೇ ಜಡಿದಿದ್ದೆ. ಮೂರು ಚಿಲಕಗಳೂ ಹಿಂದಕ್ಕೆ ಸರಿದಿದ್ದವು. ಕದ ಬೆರಳಗಲ ತೆರೆದಿತ್ತು. ಚೌಕಟ್ಟಿನ ಮೇಲೆ ಸೆನ್ಸರು, ಕದದ ಮೇಲೆ ಅಯಸ್ಕಾಂತ.

ಸಂದಿಯಲ್ಲಿ ಇಣುಕಲಿಲ್ಲ. ಎರಡೂ ಕೈಯಿಂದ ಕದವನ್ನು ಒತ್ತಿದೆ. ಅದು ತಡೆಯಿತು. ಊದಿಕೊಂಡ ಮರ ತಡೆಯುವ ಹಾಗಲ್ಲ. ಮಗಳು ಸ್ನಾನಕ್ಕೆ ಬರುವುದಿಲ್ಲ ಎಂದು ಬಾಗಿಲಿಗೆ ಆತುಕೊಂಡಾಗ ತಡೆಯುತ್ತಾಳಲ್ಲ, ಅಷ್ಟೇ ಪುಟ್ಟ ಬಲ. “ಸಾಕು ಪುಟ್ಟಿ,” ಎಂದೆ. ಯಾಕೆ ಹಾಗೆಂದೆನೋ. “ಹೊತ್ತಾಯ್ತು. ಮಲಗು.”

ಕದ ಮುಚ್ಚಿಕೊಂಡಿತು. ಚಿಲಕಗಳನ್ನು ಹಾಕಿದೆ, ಮೂರನ್ನೂ.

ಹಜಾರದಲ್ಲಿ ‘ಟಿಣ್’ ಎಂದಿತು.

“ಪುಟ್ಟಿಯ ಕಿಟಕಿ,” ಎಂದಳು ಅವಳು, ಮೆಲ್ಲಗೆ. “ಮುಚ್ಚಿದೆ.”

ನೆಲದ ಮೇಲೆ ಕುಸಿದು ಕೂತು ನಕ್ಕುಬಿಟ್ಟೆ. ಆಯಿತು, ಇಷ್ಟೇ. ಮಗು ಎಲ್ಲಿಗೂ ಹೋಗಬೇಕಿಲ್ಲ. ಬೆರಳಗಲದ ದೂರ, ಸಾಯುತ್ತಿರುವ ಬ್ಯಾಟರಿ. ಅದನ್ನೂ ಬದಲಿಸಿಬಿಡೋಣವೆಂದು ಎದ್ದು ಸೆನ್ಸರಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದೆ.

ಒಳಗೆ ಬ್ಯಾಟರಿ ಇರಲಿಲ್ಲ. ಬಿಲ್ಲೆ ಕೂರುವ ಗುಂಡನೆಯ ಜಾಗದಲ್ಲಿ ಜೇಡ ಬಲೆ ನೇಯ್ದಿತ್ತು. ಅಂಚಿನಿಂದ ಅಂಚಿಗೆ, ಒಂದೆಳೆಯೂ ಹರಿಯದ ಹಳೆಯ ಬಲೆ.

ಕೈಯಲ್ಲಿದ್ದ ಹೊಸ ಬ್ಯಾಟರಿಯನ್ನು ಹಾಕಲಿಲ್ಲ. ಮುಚ್ಚಳ ಒತ್ತಿ, ಹಲಗೆ ಕೂರಿಸಿ, ಫ್ರಾಕುಗಳನ್ನು ಮಡಿಸಿಟ್ಟೆ. ಶಾಲೆಯಿಂದ ಚಿನಕುರಳಿಯನ್ನು ಕರೆತರುವ ಹೊತ್ತಾಗಿತ್ತು.

ಸಂಜೆ ಬೀಪ್ ಮಾಮ ಫೋನು ಮಾಡಿದ. “ಸಿಕ್ತಾ ಮೇಡಂ?”

“ಸಿಕ್ತು. ಬೀರು ಹಿಂದೆ ಹಳೇ ಕಿಟಕಿ ಇತ್ತು.”

“ಬ್ಯಾಟರಿನೇ ತಾನೆ?”

“ಬ್ಯಾಟರಿನೇ.”

ರಾತ್ರಿ ಗಂಡನೇ ಅಲಾರಂ ಹಾಕಿದರು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. “ನೋಡಿದ್ಯಾ, ಒಂದು ಬ್ಯಾಟರಿಗೆ ಎಷ್ಟು ರಂಪ! ಅಮ್ಮನಿಗೆ ಹೇಳ್ತೀನಿ ಬಿಡು, ಮಗು ಇಲ್ಲೇ ಇರುತ್ತೆ ಅಂತ,” ಎಂದು ನನ್ನ ತಲೆ ನೇವರಿಸಿದರು. ಆ ಸೆನ್ಸರಿನಲ್ಲಿ ಬ್ಯಾಟರಿಯೇ ಇರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ಸಿಟ್ಟಾಗುತ್ತಿರಲಿಲ್ಲ. ಇಷ್ಟೇ ಮೃದುವಾಗಿ ತಲೆ ನೇವರಿಸಿ, ಬೆಳಿಗ್ಗೆ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

“ಅಮ್ಮಾ, ಆ ಆಂಟಿ ಯಾಕೆ ಇವತ್ತು ಏನೂ ಹೇಳ್ತಿಲ್ಲ?” ಎಂದು ಹೊದಿಕೆಯೊಳಗಿನಿಂದ ಚಿನಕುರಳಿ ಕೇಳಿದಳು.

“ಅವರಿಗೂ ನಿದ್ದೆ ಬಂದಿದೆ. ಮಲಗು.”

ಅವಳ ಉಸಿರು ಸಮವಾಗುವವರೆಗೆ ಕೂತಿದ್ದೆ. ಆಮೇಲೆ ಎಂಟನ್ನೂ ಮುಟ್ಟಿ ನೋಡಿ, ಮತ್ತೆ ಅವಳ ಕೋಣೆಗೆ ಬಂದು ಬೀರು ತೆಗೆದೆ. ಫ್ರಾಕುಗಳ ನಡುವೆ ಕೈ ತೂರಿಸಿ ಹಲಗೆಯ ಮೇಲೆ ಅಂಗೈ ಇಟ್ಟೆ. ಹಲಗೆ ತಣ್ಣಗಿತ್ತು. “ಮುಚ್ಚಿದೆ,” ಎಂದೆ ಮೆಲ್ಲಗೆ, ಯಾರಿಗೂ ಎಚ್ಚರವಾಗದಂತೆ. ನನ್ನ ದನಿ ಪೆಟ್ಟಿಗೆಯ ಹೆಂಗಸಿನ ದನಿಯಂತೆಯೇ ಇತ್ತು.

ಇನ್ನು ದಿನಾ ರಾತ್ರಿ ಒಂಬತ್ತನ್ನು ಮುಟ್ಟಬೇಕು. ಗಂಡನಿಗೆ ಎಂಟು ಎಂದೇ ಹೇಳುತ್ತೇನೆ. ಅತ್ತೆಗೆ, ಬೀಪ್ ಮಾಮನಿಗೆ, ದೊಡ್ಡವಳಾದ ಮೇಲೆ ಮಗಳಿಗೂ, ಹೇಳುವುದಿಲ್ಲ.