ಊರಿನ ಹಿರಿಯ ನಿರುದ್ಯೋಗಿ

"ಕಾಮ್ರೇಡ್ ಅನ್ಲಾ, ಶ್ರೀಮಾನ್ ಅನ್ಲಾ? ಈಗ ಯಾವುದು ನಡೀತಿದೆ?" ಎನ್ನುತ್ತ ಪೆಂಕೊ ಮೇಜಿನ ಮೇಲೆ ಮೊಣಕೈ ಊರಿದಾಗ ಸ್ತಾಮೆನ್‌ನ ಪೆನ್ನು ಅಲ್ಲೇ ನಿಂತಿತು.

ಹಿಂದಿನ ಕಮ್ಯುನಿಸ್ಟ್ ಸರ್ಕಾರದಲ್ಲಿ ಸ್ತಾಮೆನ್ ಪೊಲೀಸ್ ದಫೇದಾರನಾಗಿದ್ದ. ಆಗ ಕೆಲಸವಿಲ್ಲದೆ ತಿರುಗುವುದೇ ಅಪರಾಧ. ಪೆಂಕೊನನ್ನು ರಕಿಯಾ ಸಾರಾಯಿಯ ಅಂಗಡಿಯಿಂದ ಕತ್ತಿನಪಟ್ಟಿ ಹಿಡಿದು ಎಳೆತಂದು ಇಟ್ಟಿಗೆ ಗೂಡಿಗೆ ಅಟ್ಟಿದವನು ಅವನೇ. ಈಗ ಆ ಸರ್ಕಾರವೂ ಹೋಗಿತ್ತು, ನೂಲಿನ ಗಿರಣಿಯೂ ಮುಚ್ಚಿತ್ತು. ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡಲು ಹೊಸ ಕಚೇರಿ ತೆರೆದಾಗ, ಊರಿನ ಸೋಮಾರಿಗಳ ಮುಖಪರಿಚಯ ಇರುವವನೆಂದು ಸ್ತಾಮೆನ್‌ನನ್ನೇ ಗುಮಾಸ್ತನನ್ನಾಗಿ ಕೂರಿಸಿದ್ದರು.

"ಕೆಲಸ ಇಲ್ವಾ?" ಎಂದ ಸ್ತಾಮೆನ್, ಬೇರೇನೂ ತೋಚದೆ.

"ಮೊದ್ಲಿಂದ್ಲೂ ಇಲ್ಲ. ಈ ಊರಿಗೇ ಹಿರಿಯ ನಿರುದ್ಯೋಗಿ ನಾನು. ಇವರೆಲ್ಲ ನಿನ್ನೆ ಮೊನ್ನೆ ಬಂದವ್ರು!"

ಸಾಲಿನಲ್ಲಿದ್ದ ಗಿರಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಗದ್ದಲ ಕೇಳಿ, ರಾಜಧಾನಿ ಸೋಫಿಯಾದಿಂದ ಬಂದಿದ್ದ ಹೊಸ ಅಧಿಕಾರಿ ಮಿಲೇವಾ ಮೇಡಂ ಹೊರಬಂದರು. "ಹಿಂದೆ ಎಲ್ಲಾದ್ರೂ ದುಡಿದವರಿಗೆ ಮಾತ್ರ ಭತ್ಯೆ. ಇವರು ದುಡಿದಿದ್ದಾರಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡ ಸ್ತಾಮೆನ್. "ದುಡಿದಿದ್ದಾನೆ ಮೇಡಂ. ಇಟ್ಟಿಗೆ ಗೂಡಲ್ಲಿ. ಒಳ್ಳೇ ಕೆಲಸಗಾರ."

"ಯಾರು, ನಾನಾ?" ಪೆಂಕೊನ ಮುಖ ಕೆಂಪಗಾಯಿತು. "ಶುದ್ಧ ಸುಳ್ಳು! ಒಂದು ಇಟ್ಟಿಗೆ ಎತ್ತಿದ್ರೆ ಕೇಳಿ!"

"ಬಾಯ್ಮುಚ್ಕೊಳೋ ಮಾರಾಯ," ಎಂದು ಸ್ತಾಮೆನ್ ಪಿಸುಗುಟ್ಟಿದ. "ದುಡ್ಡು ಬರತ್ತೆ."

"ದುಡ್ಡಿಗೋಸ್ಕರ ಮರ್ಯಾದೆ ಕಳ್ಕೊಳ್ಲಾ? ಅದು ಕೆಲಸ ಆಗಿದ್ರೆ ರಾತ್ರಿ ಯಾಕಯ್ಯಾ ಬೀಗ ಹಾಕ್ತಿದ್ರಿ? ಅವ್ವ ಸತ್ತಾಗ ಮಣ್ಣಿಗೆ ಯಾಕೆ ಬಿಡ್ಲಿಲ್ಲ?"

ನಗು ನಿಂತುಹೋಯಿತು.

"ಕೆಲಸವೋ, ಶಿಕ್ಷೆಯೋ?" ಮಿಲೇವಾ ಸ್ತಾಮೆನ್‌ನ ಕಡೆ ತಿರುಗಿದರು. "ಶಿಕ್ಷೆ ಆದ್ರೆ ಕಳಿಸಿದವರ ಹೆಸರು ಮೇಲಕ್ಕೆ ತಿಳಿಸ್ಬೇಕಾಗತ್ತೆ."

ಗಿರಣಿ ಮುಚ್ಚಿದ ಮೇಲೆ ಸ್ತಾಮೆನ್‌ನ ಹೆಂಡತಿಯೂ ಮನೆಯಲ್ಲೇ ಇದ್ದಳು. ಇವನ ಸಂಬಳದಲ್ಲೇ ಒಲೆ ಉರಿಯಬೇಕಿತ್ತು. 'ಕೆಲಸ' ಅಂದುಬಿಟ್ಟರೆ ನೌಕರಿ ಉಳಿಯುತ್ತಿತ್ತು. ಅವನು ಪೆಂಕೊನ ಮುಖ ನೋಡಿದ. ಎಲ್ಲರೂ ಸ್ತಾಮೆನ್‌ನ ಮುಖ ನೋಡುತ್ತಿದ್ದರು.

"ಶಿಕ್ಷೆ," ಎಂದ. ಪೆನ್ನು ಕೆಳಗಿಟ್ಟ. "ಕಳಿಸಿದ್ದು ನಾನೇ. ಅವರವ್ವನ ಮಣ್ಣಿಗೆ ಬಿಡದೇ ಇದ್ದದ್ದೂ ನಾನೇ. ಇವನು ಏನೇನೂ ದುಡಿದಿಲ್ಲ."

"ಹಾಂ! ಈಗ ಸರಿಹೋಯ್ತು," ಎಂದು ಪೆಂಕೊ ಉಸಿರುಬಿಟ್ಟ.

"ಆದ್ರೆ ನಿಮಗೆ ಭತ್ಯೆ ಬರಲ್ವಲ್ಲ!" ಎಂದರು ಮಿಲೇವಾ, ದಿಕ್ಕುತೋಚದೆ.

"ಬೇಡ ಬಿಡಿ ತಾಯಿ. ತಿಂಗಳು ತಿಂಗಳು ಬಂದು ಸಾಲಲ್ಲಿ ನಿಲ್ಬೇಕಂತೆ. ಅದೂ ಒಂದು ಕೆಲಸವೇ."

ಮಿಲೇವಾ ಸ್ತಾಮೆನ್‌ನ ಹೆಸರು ಬರೆದುಕೊಂಡರು. "ಮುಂದಿನವರನ್ನ ಕರೀರಿ," ಎಂದು ಒಳಗೆ ಹೋದರು.

ಹೊರಗೆ ಹಿಮ ಸುರಿಯುತ್ತಿತ್ತು. ಪೆಂಕೊ ಬಾಗಿಲವರೆಗೆ ಹೋಗಿ, ಇಣುಕಿ ನೋಡಿ, ಅಲ್ಲೇ ನಿಂತ. ಸ್ತಾಮೆನ್ ಎದ್ದು, ಚಳಿಗೆಂದು ಹಚ್ಚಿದ್ದ ಒಲೆಯ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಕುರ್ಚಿ ಖಾಲಿಯಾಯಿತು. ಪೆಂಕೊ ಕುರ್ಚಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ. ಆಮೇಲೆ ಬಂದು ಕೂತು ಕಾಲು ಚಾಚಿದ. ಸ್ವಲ್ಪ ಹೊತ್ತಿಗೆ ಅವನ ಒದ್ದೆ ಬೂಟುಗಳಿಂದ ತೆಳ್ಳಗೆ ಹಬೆಯೇಳತೊಡಗಿತು.