ತಾನೇ ಆರಿ ತಾನೇ ಹೊತ್ತಿಕೊಳ್ಳುವ ಕಂಪ್ಯೂಟರು

ಸೋಮವಾರದಿಂದ ಗುರುವಾರದೊಳಗೆ ಕಂಪ್ಯೂಟರು ಹನ್ನೊಂದು ಸಲ ಕೈಕೊಟ್ಟಿತು. ಹೇಳದೆ ಕೇಳದೆ ಪರದೆ ಕಪ್ಪಾಗುವುದು, ಪೆಟ್ಟಿಗೆಯೊಳಗಿನ ಫ್ಯಾನು ನಿಂತು ಮತ್ತೆ ತಿರುಗುವುದು, ಎಲ್ಲ ಮೊದಲಿನಿಂದ ಶುರು. ದಪ್ಪ ಪುಸ್ತಕಗಳ ಕೊನೆಗೆ ಬರುವ ಪದಸೂಚಿ ತಯಾರಿಸುವುದು ಆಕೆಯ ಕಸುಬು. ಈಗ ಕೈಯಲ್ಲಿದ್ದುದು ಸೇತುವೆಗಳ ಚರಿತ್ರೆ, ಏಳುನೂರು ಪುಟ. ‘ಕಂಬ’ ಮುಗಿಸಿ ‘ಕಮಾನು’ ಶುರುಮಾಡುವಷ್ಟರಲ್ಲಿ ಅರ್ಧ ತಾಸಿನ ಕೆಲಸ ನೀರುಪಾಲು.

ಕಂಪ್ಯೂಟರು ರಿಪೇರಿ ಮಾಡುವ ತಮ್ಮ ಬೇರೆ ಊರಿನಲ್ಲಿದ್ದ. ಫೋನಿನಲ್ಲೇ ನಾಡಿ ಹಿಡಿದ.

“ಪ್ಲಗ್ಗು ಬದಲಾಯಿಸಿದ್ಯಾ ಅಕ್ಕ?”

“ಅಡುಗೆಮನೆ ಪ್ಲಗ್ಗಿಗೂ ಹಾಕಿ ನೋಡಿದೆ ಕಣೋ.”

“ಬಿಸಿ ಆಗ್ತಿರಬೇಕು.”

ಮೇಜಿನ ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಿಟ್ಟು, ತಾನು ಬೆವರುತ್ತ ಕೂತಳು. ಪೆಟ್ಟಿಗೆ ತಣ್ಣಗಿತ್ತು. ಆದರೂ ಆರಿತು.

“ಹಾಗಾದ್ರೆ ಪಕ್ಕದ ಮುಚ್ಚಳ ಬಿಚ್ಚು. ಒಳಗೆ ಎರಡು ಮೆಮೊರಿ ಪಟ್ಟಿ ಇರ್ತವೆ. ಒಂದೊಂದಾಗಿ ತೆಗೆದು ನೋಡು.”

ಬಿಚ್ಚಲು ಹೋದವಳ ಕೈ ಅಲ್ಲೇ ನಿಂತಿತು. ಮುಚ್ಚಳಕ್ಕೆ ನಾಲ್ಕು ತಿರುಪುಗಳಿರಬೇಕು, ಇದ್ದುದು ಮೂರು. ಆ ಮೂರನ್ನು ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಆರು ವರ್ಷದ ಧೂಳಿರಬೇಕು, ಉಜ್ಜಿ ತೊಳೆದ ಪಾತ್ರೆಯಂತೆ ಫಳಫಳ ಅನ್ನುತ್ತಿತ್ತು. ಯಾರೋ ಇದನ್ನು ಬಿಚ್ಚಿದ್ದಾರೆ. ಮನೆಯಲ್ಲಿ ಇರುವವರೇ ಇಬ್ಬರು.

ಗಂಡ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹೋದ ವರ್ಷ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿ, “ಸಾಕು, ಬೇಜಾರಾಯ್ತು” ಅಂದಿದ್ದರು.

“ರೀ, ಕಂಪ್ಯೂಟರು ಬಿಚ್ಚಿದ್ರಾ?”

“ನಾನ್ಯಾಕೆ ಬಿಚ್ಚಲಿ?” ಅಂದರು, ಮೇಜಿನ ಮೇಲೆ ಹರಡಿದ ಪತ್ರಿಕೆಯಿಂದ ತಲೆಯೆತ್ತದೆ.

ಆ ಉತ್ತರ ಬೇಕಾದ್ದಕ್ಕಿಂತ ಬೇಗ ಬಂತು ಅನ್ನಿಸಿತು ಆಕೆಗೆ. ಅಲ್ಲಿಂದ ಅನುಮಾನದ ಹುಳ ಕೊರೆಯತೊಡಗಿತು. ಈ ಮನುಷ್ಯ ಇತ್ತೀಚೆಗೆ ತನ್ನನ್ನು ಕಂಡರೆ ಕೈಗಳನ್ನು ಜೇಬಿಗೆ ತುರುಕುವುದೇಕೆ? ಟೀ ಲೋಟವನ್ನು ಹಿತ್ತಲಿಗೆ ಒಯ್ದು ಒಬ್ಬರೇ ಕುಡಿಯುವುದೇಕೆ? ಹೋದ ತಿಂಗಳು “ನೀನೂ ಇದನ್ನೆಲ್ಲ ಬಿಟ್ಟುಬಿಡೇ, ಆರಾಮಾಗಿರೋಣ” ಅಂದದ್ದು ನೆನಪಾಯಿತು. ತಾನು ದುಡಿಯುವುದು ಇವರ ಕಣ್ಣು ಕುಕ್ಕುತ್ತಿದೆಯೇ? ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಮಾಡಿ ತೋರಿಸುತ್ತಿದ್ದಾರೆಯೇ?

ಮುಚ್ಚಳ ಮುಚ್ಚಿ, ಅದರ ಸಂದಿಗೆ ಅಡ್ಡಲಾಗಿ ತನ್ನದೇ ಒಂದು ಬಿಳಿಕೂದಲನ್ನು ಅಂಟಿಸಿದಳು. ಮುಟ್ಟಿದರೆ ಹರಿಯಲೇಬೇಕು. ಮಾರನೆಯ ದಿನವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಸಂಜೆಗೆ ಕೂದಲು ಇದ್ದಲ್ಲೇ ಇತ್ತು, ಕಂಪ್ಯೂಟರು ಮಾತ್ರ ಮೂರು ಸಲ ಆರಿತ್ತು. ಮೂರನೆಯ ಸಲ ಸಿಟ್ಟು ನೆತ್ತಿಗೇರಿ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದಳು. ಒಳಗೆ ಏನೋ ಕಣಕ್ ಅಂದಿತು.

“ರೀ, ಬನ್ನಿ ಇಲ್ಲಿ. ಸ್ವಲ್ಪ ಟಾರ್ಚು ಹಿಡೀರಿ.”

ಅವರು ಬಾಗಿಲಲ್ಲೇ ನಿಂತರು. “ಬ್ಯಾಟರಿ ಇದೆಯೋ ಇಲ್ವೋ...”

“ಇದೆ. ಹಿಡೀರಿ.”

ತಂತಿ ಕಿತ್ತು, ಪೆಟ್ಟಿಗೆ ಮಲಗಿಸಿ, ಮುಚ್ಚಳ ತೆಗೆದಳು. ಬೆಳಕು ಹಸಿರು ಹಲಗೆಯ ಮೇಲೆ ಬಿತ್ತು. ಬಿದ್ದು ನಿಲ್ಲಲಿಲ್ಲ, ಗಡಗಡ ನಡುಗಿತು. ಅವರು ಎರಡೂ ಕೈಯಲ್ಲಿ ಹಿಡಿದರು. ಆಗಲೂ ನಡುಗಿತು.

ಆಕೆ ಬೆಳಕನ್ನು ಬಿಟ್ಟು ಆ ಕೈಗಳನ್ನು ನೋಡಿದಳು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಕೈಗಳು.

“ಯಾವಾಗಿಂದ?”

“ಅಂಗಡಿ ಮುಚ್ಚೋ ಮುಂಚಿಂದ.” ಅವರು ಟಾರ್ಚು ಕೆಳಗಿಟ್ಟರು. “ನಿನಗೆ ಗೊತ್ತಾಗಬಾರದು ಅಂತಿದ್ದೆ. ಭಾನುವಾರ ನೀನು ಪೇಟೆಗೆ ಹೋದಾಗ ಧೂಳು ಹೊಡೆಯೋಣ ಅಂತ ಬಿಚ್ಚಿದೆ. ಇನ್ನೂ ಕೆಲಸ ಬರುತ್ತಾ ನೋಡೋಣ ಅಂತ. ಒಂದು ತಿರುಪು ಜಾರಿ ಒಳಗೆ ಬಿತ್ತು. ಎಷ್ಟು ತಡಕಿದರೂ ಸಿಗಲಿಲ್ಲ ಕಣೇ.”

“ಹೇಳಬಾರದಾಗಿತ್ತಾ? ನಾನು ಏನೇನೋ ಅಂದ್ಕೊಂಡೆ.”

“ಏನಂದ್ಕೊಂಡೆ?”

ಆಕೆ ಟಾರ್ಚನ್ನು ತಾನೇ ಎತ್ತಿಕೊಂಡಳು. ಹಲಗೆಯ ಹಿಂದೆ ಸಿಕ್ಕಿಕೊಂಡಿದ್ದ ತಿರುಪನ್ನು ಚಿಮಟದಲ್ಲಿ ಹಿಡಿದೆಳೆದಳು. ಫ್ಯಾನಿನ ಅದುರಾಟಕ್ಕೆ ಅಲುಗಿದಾಗಲೆಲ್ಲ ಎರಡು ಬೆಸುಗೆಗಳಿಗೆ ತಾಗಿ ಕಂಪ್ಯೂಟರನ್ನು ಆರಿಸುತ್ತಿದ್ದುದು ಇದೇ. ಮುಚ್ಚಳಕ್ಕೆ ತಿರುಪುಗಳನ್ನು ತಾನೇ ಬಿಗಿದಳು. ಅವರು ಪಕ್ಕದಲ್ಲಿ ಕೂತು, “ಅಷ್ಟು ಬಿಗಿ ಬೇಡ, ಎಳೆ ಕಿತ್ತುಹೋಗತ್ತೆ” ಅನ್ನುತ್ತಿದ್ದರು.

ಪದಸೂಚಿ ಎರಡು ದಿನ ತಡವಾಗಿ ಹೋಯಿತು. ಒಂದು ದಿನ ಕಂಪ್ಯೂಟರಿನಿಂದ, ಇನ್ನೊಂದು ದಿನ ನರರೋಗದ ಡಾಕ್ಟರ ಕೋಣೆಯ ಹೊರಗೆ ಇಬ್ಬರೂ ಸರದಿ ಕಾಯುತ್ತ ಕೂತದ್ದರಿಂದ.